ಗಾಳಿಯ ಲೆಕ್ಕ

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಒಕ್ಕಲುಮಕ್ಕಳ ಅನುಭವದ ಮಾತು. ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ಕೊಕಟನೂರಿನಂತಹ ಬಯಲುಸೀಮೆಯ ಊರುಗಳಿಗೆ ಈ ಮಾತು ಹೊಸದಲ್ಲ. ಕಣದಲ್ಲಿ ಜೋಳ ತೂರುವ ರೈತನು ಮೊದಲು ಒಂದು ಹಿಡಿ ಹೊಟ್ಟನ್ನು ಮೇಲಿನಿಂದ ಬಿಟ್ಟು, ಗಾಳಿಯ ದಿಕ್ಕನ್ನೂ ಬಲವನ್ನೂ ಅರಿತುಕೊಳ್ಳುತ್ತಾನೆ. ಅದೇ ಗಾಳಿಯಿಂದ ಮನೆಯ ದೀಪ ಬೆಳಗಿಸಲು ಹೊರಡುವವರಿಗೂ ಈ ವಿವೇಕವೇ ದಾರಿದೀಪವಾಗಬೇಕು.

ಚಿತ್ರದುರ್ಗದ ಜೋಗಿಮಟ್ಟಿಯಲ್ಲಿಯೂ ಗದಗದ ಕಪ್ಪತಗುಡ್ಡದಲ್ಲಿಯೂ ಕಾಣುವ ದೊಡ್ಡ ಗಾಳಿಯಂತ್ರಗಳ ಅಕ್ಷವು ನೆಲಕ್ಕೆ ಸಮಾಂತರವಾಗಿರುತ್ತದೆ. ಗಾಳಿ ಬೀಸುವ ಕಡೆಗೆ ಅವು ಮುಖ ತಿರುಗಿಸಲೇಬೇಕು. ಲಂಬಾಕ್ಷ ಯಂತ್ರದ ಅಕ್ಷವಾದರೋ ಕಂಬದಂತೆ ನೆಟ್ಟಗೆ ನಿಂತಿರುತ್ತದೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಅದು ತಿರುಗಬಲ್ಲದು. ವಿದ್ಯುಜ್ಜನಕವನ್ನು ನೆಲದ ಸಮೀಪದಲ್ಲಿಯೇ ಇಡಬಹುದಾದ್ದರಿಂದ ದುರಸ್ತಿಯೂ ಸುಲಭ. ಪೀಪಾಯಿಯೊಂದನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ತುಸು ಸರಿಸಿ ಎದುರುಬದುರಾಗಿ ನಿಲ್ಲಿಸಿದಂತಿರುವ ಒಂದು ಬಗೆಯನ್ನು 1920ರ ದಶಕದಲ್ಲಿ ರೂಪಿಸಿದವನು ಫಿನ್ಲೆಂಡಿನ ಸವೋನಿಯಸ್.

ಈ ಸರಳ ಯಂತ್ರವು ಕನ್ನಡ ನಾಡಿನ ವಿಜ್ಞಾನಿಗಳ ಗಮನವನ್ನೂ ಸೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಅವರು ಹಾಯಿಗಳುಳ್ಳ ಸವೋನಿಯಸ್ ಚಕ್ರದಿಂದ ಕಡಿಮೆ ವೆಚ್ಚದಲ್ಲಿ ನೀರೆತ್ತುವ ಬಗೆಯನ್ನು ಕುರಿತು 1979ರಲ್ಲಿ ಪ್ರಬಂಧ ಪ್ರಕಟಿಸಿದರು. ವಿಮಾನಶಾಸ್ತ್ರ ಬಲ್ಲವರು ಹಳ್ಳಿಯ ಬಾವಿಯತ್ತ ಕಣ್ಣು ಹಾಯಿಸಿದ್ದು ಸಣ್ಣ ಸಂಗತಿಯಲ್ಲ.

ಆದರೆ ಗುಣವನ್ನು ಹೇಳಿ ಮಿತಿಯನ್ನು ಮರೆಮಾಚಿದರೆ ರೈತನಿಗೆ ಅನ್ಯಾಯವಾಗುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೆಯ ಒಂದು ಪಾಲಿಗೆ ಕುಸಿಯುತ್ತದೆ. ಎರಡು ಮೀಟರ್ ಎತ್ತರ, ಒಂದು ಮೀಟರ್ ಅಗಲದ ಚಕ್ರವು ಗಾಳಿಯ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಹಿಡಿಯಿತೆನ್ನೋಣ. ಸೆಕೆಂಡಿಗೆ 6 ಮೀಟರ್ ವೇಗದ ಗಾಳಿಯಲ್ಲಿ ಸುಮಾರು 50 ವ್ಯಾಟ್ ದೊರೆತರೆ, 3 ಮೀಟರ್ ವೇಗದಲ್ಲಿ ದೊರೆಯುವುದು ಆರೇಳು ವ್ಯಾಟ್ ಮಾತ್ರ. ಅಷ್ಟೇ ವಿಸ್ತಾರದ ಸೌರಫಲಕವು ನಡುಹಗಲಿನ ಬಿಸಿಲಿನಲ್ಲಿ 300 ವ್ಯಾಟಿಗೂ ಹೆಚ್ಚು ಕೊಡುತ್ತದೆ. ಮನೆ ಮರಗಳ ನಡುವೆ ಗಾಳಿ ಸುಳಿಸುಳಿಯಾಗಿ ಒಡೆದುಹೋಗುವುದರಿಂದ ತಗ್ಗಿನ ಮಾಳಿಗೆಯ ಮೇಲೆ ಯಂತ್ರವನ್ನು ನಿಲ್ಲಿಸಿದರೆ ಫಲವು ಇನ್ನೂ ಕಡಿಮೆ.

ಹಾಗೆಂದು ಅದು ನಿರುಪಯೋಗಿಯೆ? ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ಮೋಡ ಕವಿದು ಸೂರ್ಯ ಮರೆಯಾದಾಗ ಬಯಲಿನಲ್ಲಿ ಗಾಳಿ ರಭಸದಿಂದ ಬೀಸುತ್ತದೆ, ರಾತ್ರಿಯಲ್ಲಿಯೂ ಬೀಸುತ್ತದೆ. ಬಿಸಿಲು ಸೋತಲ್ಲಿ ಗಾಳಿ ಕೈಹಿಡಿಯುವುದಾದರೆ ಈ ಪುಟ್ಟ ಯಂತ್ರವು ಸೌರಫಲಕಕ್ಕೆ ಪ್ರತಿಸ್ಪರ್ಧಿಯಾಗದೆ ಜೊತೆಗಾರನಾಗಬಹುದು.

ಆದುದರಿಂದ ಯಂತ್ರಕ್ಕೆ ಹಣ ಸುರಿಯುವ ಮೊದಲು ಊರಿನ ಗಾಳಿಯನ್ನು ಒಂದು ವರ್ಷವಾದರೂ ಅಳೆಯುವುದು ಲೇಸು. ಈ ಕೆಲಸಕ್ಕೆ ಶಾಲೆಗಿಂತ ತಕ್ಕ ಸ್ಥಳವಿಲ್ಲ. ಬಟ್ಟಲುಗಳುಳ್ಳ ಗಾಳಿಮಾಪಕವೂ ಒಂದು ಪುಟ್ಟ ಲಂಬಾಕ್ಷ ಯಂತ್ರವೇ. ಅದನ್ನು ಬಯಲಿನಲ್ಲಿ ಎತ್ತರಕ್ಕೆ ನಿಲ್ಲಿಸಿ, ವಿದ್ಯಾರ್ಥಿಗಳು ದಿನದಿನದ ವೇಗವನ್ನು ಬರೆದಿಟ್ಟರೆ, ಆ ಪುಸ್ತಕವು ಊರಿಗೆಲ್ಲ ಆಧಾರವಾಗುತ್ತದೆ. ಅಳೆಯದೆ ಹೊಗಳುವುದೂ ಅಳೆಯದೆ ಹೀಗಳೆಯುವುದೂ ಸಮಾನವಾದ ತಪ್ಪುಗಳು. ಹೊಟ್ಟು ಹಾರಿಸಿ ಗಾಳಿಯನ್ನು ನೋಡುವ ರೈತನು ಈ ಪಾಠವನ್ನು ಎಂದೋ ಕಲಿತಿದ್ದಾನೆ.