ಒಂದು ಯಂತ್ರ, ಇಬ್ಬರು ವಿದ್ಯಾರ್ಥಿಗಳು

ಹರಿಹರದ ನೆರೆಯ ಗುತ್ತೂರಿನಂತಹ ಊರುಗಳಿಂದ ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರುವ ತರುಣ ತರುಣಿಯರಲ್ಲಿ ಕನ್ನಡದಲ್ಲಿಯೇ ಓದಿ ಬಂದವರೂ ಉಂಟು. 1951ರಲ್ಲಿ ಬಿ.ಡಿ.ಟಿ. ಕಾಲೇಜೂ, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾದುದರಿಂದ ವಿದ್ಯೆಯ ಬಾಗಿಲು ಇವರಿಗೆ ಮನೆಯ ಬಳಿಯಲ್ಲಿಯೇ ತೆರೆಯಿತು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಸಾಲದು. ಒಳಹೊಕ್ಕವರು ಕಡೆಯವರೆಗೂ ನಿಲ್ಲಬೇಕು.

ಮೊದಲನೆಯ ವರ್ಷದಲ್ಲಿ ‘ಸಿ’ ಭಾಷೆಯ ಪ್ರೋಗ್ರಾಂ ರಚನೆಯನ್ನು ಕಲಿಸುತ್ತಾರೆ. ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋದರೂ ಯಂತ್ರವು ಮುಂದೆ ಸಾಗದು. ಅದು ತೋರಿಸುವ ತಪ್ಪಿನ ವಿವರವೂ ಇಂಗ್ಲಿಷಿನಲ್ಲಿಯೇ ಇರುವುದು. ಒಂಟಿಯಾಗಿ ಕುಳಿತ ವಿದ್ಯಾರ್ಥಿಯು ಇದು ತನ್ನ ಬುದ್ಧಿಗೆ ಮೀರಿದ್ದೆಂದು ಎದೆಗುಂದುವುದು ಆಶ್ಚರ್ಯವಲ್ಲ. ಕೊರತೆಯು ಬುದ್ಧಿಯದಲ್ಲ, ಜತೆಯದು.

ಇದಕ್ಕೊಂದು ಸುಲಭೋಪಾಯವುಂಟು. ಇಬ್ಬರು ಒಂದೇ ಯಂತ್ರದ ಮುಂದೆ ಕುಳಿತು, ಒಬ್ಬನು ಬರೆಯುತ್ತಿರಲು ಮತ್ತೊಬ್ಬನು ತಪ್ಪನ್ನು ನೋಡುತ್ತ ಮುಂದಿನ ದಾರಿಯನ್ನು ಯೋಚಿಸುವುದು. ಸ್ವಲ್ಪ ಹೊತ್ತಿನ ಮೇಲೆ ಸ್ಥಾನವನ್ನು ಬದಲಿಸಿಕೊಳ್ಳುವುದು. ಕ್ಯಾಲಿಫೋರ್ನಿಯದ ಸಾಂತಾ ಕ್ರೂಸ್ ವಿಶ್ವವಿದ್ಯಾನಿಲಯದ ಮೆಕ್‌ಡವೆಲ್, ವರ್ನರ್ ಮೊದಲಾದವರು ಇದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಫಲವು ಗಮನಾರ್ಹವಾದುದು. ಅಂತಿಮ ಪರೀಕ್ಷೆಯವರೆಗೆ ನಿಂತವರು ಜೋಡಿಯಾಗಿ ಕಲಿತವರಲ್ಲಿ ನೂರಕ್ಕೆ 90ರಷ್ಟು, ಒಂಟಿಯಾಗಿ ಕಲಿತವರಲ್ಲಿ 80ರಷ್ಟು. ಮುಂದೆ ಕಂಪ್ಯೂಟರ್ ಶಾಸ್ತ್ರವನ್ನೇ ಆರಿಸಿಕೊಂಡವರೂ ಜೋಡಿಯವರಲ್ಲಿಯೇ ಹೆಚ್ಚು. ಹೆಣ್ಣುಮಕ್ಕಳ ವಿಷಯದಲ್ಲಿಯೂ ಇದು ನಿಜವಾಯಿತು.

ಮಕ್ಕಳಿಂದ ಮಕ್ಕಳಿಗೆ ಪಾಠವೆಂಬುದು ನಮಗೆ ಹೊಸದಲ್ಲ. ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಮದರಾಸಿನ ಅನಾಥಾಲಯದಲ್ಲಿ ಇದನ್ನು ನಡೆಸಿ, 1797ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಪ್ರಕಟಿಸಿದನು. ನಮ್ಮ ಜಗುಲಿಯ ಶಾಲೆಗಳ ಪದ್ಧತಿಯನ್ನು ಪರದೇಶದವರು ಆದರಿಸಿದ ಮೇಲೆ ನಾವೇ ಮರೆಯುವುದು ಉಚಿತವೆ?

ಒಬ್ಬನು ದುಡಿದು ಮತ್ತೊಬ್ಬನು ನಿದ್ರಿಸುವನೆಂದು ಕೆಲವರು ಆಕ್ಷೇಪಿಸಬಹುದು. ಮೇಲಿನ ಪರೀಕ್ಷೆಯಲ್ಲಿ ಜೋಡಿಯವರು ಒಬ್ಬೊಬ್ಬರಾಗಿ ಬರೆದ ಉತ್ತರಪತ್ರಿಕೆಗಳಲ್ಲಿ ಹಿಂದೆ ಬೀಳಲಿಲ್ಲ. ಆದರೂ ಆಕ್ಷೇಪವು ನಿರಾಧಾರವಲ್ಲ. ಯಂತ್ರಗಳು ಸಾಲವೆಂದು ಇಬ್ಬರನ್ನು ಒಂದೆಡೆ ಕೂರಿಸಿದ ಮಾತ್ರಕ್ಕೆ ಅದು ಜೋಡಿಪಾಠವಾಗದು. ಸರದಿಯು ತಪ್ಪದಂತೆ ಅಧ್ಯಾಪಕರು ನೋಡತಕ್ಕದ್ದು. ಜೋಡಿಗಳನ್ನು ಆಗಾಗ ಬದಲಿಸತಕ್ಕದ್ದು. ಪರೀಕ್ಷೆಯನ್ನು ಮಾತ್ರ ಪ್ರತ್ಯೇಕವಾಗಿಯೇ ನಡೆಸತಕ್ಕದ್ದು.

ಇದಕ್ಕೆ ಹೊಸ ಕಟ್ಟಡ ಬೇಡ, ಸರ್ಕಾರದ ಹಣವೂ ಬೇಡ. ದಾವಣಗೆರೆಯ ಕಾಲೇಜುಗಳ ಆಡಳಿತವರ್ಗದವರು ಮೊದಲನೆಯ ವರ್ಷದ ಪ್ರಯೋಗಶಾಲೆಗಳಲ್ಲಿ ಒಂದು ಅವಧಿಯ ಮಟ್ಟಿಗಾದರೂ ಇದನ್ನು ನಡೆಸಿ, ಫಲವನ್ನು ಬಹಿರಂಗಪಡಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ಗದ್ದೆಯನ್ನು ಒತ್ತೆಯಿಟ್ಟು ಶುಲ್ಕ ತೆತ್ತ ತಂದೆಯ ಮಗನು ನಡುವೆ ಹಿಂದಿರುಗಿದರೆ, ಆ ನಷ್ಟವು ಅವನೊಬ್ಬನದಲ್ಲ, ನಾಡಿನದು.