ಬಚ್ಚಲಮನೆಯ ಹೊಸ ಮಡಿ

ಹಳೆಯ ಮಡಿ-ಮೈಲಿಗೆಗಳನ್ನು ಅಡುಗೆಮನೆಯಿಂದ ಓಡಿಸಿದೆವೆಂದು ಹೆಮ್ಮೆಪಡುವ ನಮ್ಮ ಸುಶಿಕ್ಷಿತ ಕುಟುಂಬಗಳಲ್ಲಿ ಈಗ ಹೊಸದೊಂದು ಮಡಿ ಹುಟ್ಟಿಕೊಂಡಿದೆ. ಅದರ ಠಾವು ಬಚ್ಚಲಮನೆ. ಅದರ ಶಾಸ್ತ್ರವೂ ಬಹು ಸಂಕ್ಷಿಪ್ತವಾದದ್ದು: ಮೈ ತೊಳೆಯುವ ದ್ರವ ಮೈಗೇ ಮೀಸಲು, ತಲೆ ತೊಳೆಯುವ ದ್ರವ ತಲೆಗೇ ಮೀಸಲು, ಒಂದು ಇನ್ನೊಂದರ ಎಲ್ಲೆಯನ್ನು ದಾಟಿದರೆ ಅಪಚಾರ. ‘ಬಾಡಿ ವಾಶ್’ ಎಂಬ ಹೆಸರು ಹೊತ್ತ ಸೀಸೆಯಿಂದ ನಾಲ್ಕು ಹನಿ ತೆಗೆದು ತಲೆಗೆ ಹಚ್ಚಿಕೊಂಡವನನ್ನು, ದೇವರ ತಂಬಿಗೆಯಲ್ಲಿ ಚಹಾ ಕಾಸಿದವನನ್ನು ನೋಡುವಂತೆ ನೋಡುತ್ತಾರೆ. ಅಪರಾಧಕ್ಕೆ ತಕ್ಕ ಶಿಕ್ಷೆಯನ್ನೂ ಗೊತ್ತುಮಾಡಿಟ್ಟಿದ್ದಾರೆ: ಕೂದಲು ಉದುರುತ್ತದಂತೆ!

ಎಂ.ಕೆ. ಹುಬ್ಬಳ್ಳಿಯ ಸುತ್ತಿನ ಹಳ್ಳಿಯೊಂದರಿಂದ ಬಂದು ವಸತಿಗೃಹದಲ್ಲಿ ಉಳಿದಿದ್ದ ವಿದ್ಯಾರ್ಥಿಯೊಬ್ಬನನ್ನು ಅವನ ಜೊತೆಗಾರರು ಇದೇ ಕಾರಣಕ್ಕಾಗಿ ವಾರಗಟ್ಟಲೆ ಗೇಲಿ ಮಾಡಿದ್ದನ್ನು ನಾನು ಬಲ್ಲೆ. “ಮೈಗೆ ಹಚ್ಚೂದನ್ನ ತಲೀಗೆ ಹಚ್ಚಕೊಂಡಾನಲ್ಲೋ, ಇಂವಗ ಓದಾಕ ಬರತೈತೋ ಇಲ್ಲೋ!” ಎಂಬುದು ಅವರ ಕುಚೋದ್ಯ. ಹುಡುಗ ನಾಚಿ ಸುಮ್ಮನಾದ. ತಿಂಗಳ ಖರ್ಚಿನಲ್ಲಿ ಉಳಿಸಿ ಎರಡನೆಯ ಸೀಸೆಯನ್ನೂ ಕೊಂಡ. ಆದರೆ ಓದಲು ಬಾರದವರು ಯಾರು? ಸೀಸೆಯ ಮುಂಭಾಗದ ದಪ್ಪಕ್ಷರವನ್ನಷ್ಟೇ ಓದಿ ನಿಂತವರೆ, ಅಥವಾ ಕೈಯಲ್ಲಿದ್ದುದನ್ನು ಉಪಯೋಗಿಸಿದವನೆ? ಈ ಪ್ರಶ್ನೆಗೆ ಉತ್ತರ ಸೀಸೆಯ ಹಿಂಭಾಗದಲ್ಲೇ ಇದೆ.

ಯಾವುದಾದರೊಂದು ಶಾಂಪೂ ಸೀಸೆಯನ್ನೂ ಯಾವುದಾದರೊಂದು ಬಾಡಿ ವಾಶ್ ಸೀಸೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಬೆನ್ನ ಮೇಲಿನ ಸಣ್ಣಕ್ಷರದ ಯಾದಿಯನ್ನು ಓದಿ ನೋಡಿರಿ. ನಮ್ಮ ದೇಶದ ನಿಯಮದಂತೆ, ಹೆಚ್ಚು ಇರುವ ಪದಾರ್ಥವನ್ನು ಮೊದಲು, ಕಡಿಮೆ ಇರುವುದನ್ನು ಆಮೇಲೆ ಬರೆಯಬೇಕು. ಮೊದಲು ಬರುವುದು ನೀರು. ಅದರ ಬೆನ್ನಿಗೆ, ಬಹುತೇಕ ಎರಡರಲ್ಲಿಯೂ, ಸೋಡಿಯಂ ಲಾರೆತ್ ಸಲ್ಫೇಟ್ ಎಂಬ ನೊರೆಕಾರಕ. ಅದರ ಕಟುತನವನ್ನು ಕುಗ್ಗಿಸಲು ತೆಂಗಿನೆಣ್ಣೆಯ ಮೂಲದಿಂದ ತಯಾರಿಸಿದ ಕೊಕಾಮಿಡೊಪ್ರೊಪೈಲ್ ಬೀಟೈನ್. ದ್ರವ ಗಟ್ಟಿಯಾಗಿ ಕಾಣಲು ನಾವು ಸಾರಿಗೆ ಹಾಕುವ ಅದೇ ಉಪ್ಪು. ಕೊನೆಗೆ ಸುವಾಸನೆ, ಬಣ್ಣ, ಕೆಡದಂತೆ ಕಾಯುವ ಔಷಧ. ಜಿಡ್ಡನ್ನು ಹಿಡಿದೆತ್ತಿ ನೀರಿನೊಡನೆ ಸಾಗಿಸುವ ಕೆಲಸ ಎರಡು ಸೀಸೆಗಳಲ್ಲಿಯೂ ಒಂದೇ ಬಗೆಯ ಆಳಿನದು. ಬೇರೆಯಾದದ್ದು ಆಳಿಗೆ ತೊಡಿಸಿದ ಅಂಗಿ.

ಭೇದವೇ ಇಲ್ಲವೆ? ಇದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕ ವಾದವಾಗದು. ಅನೇಕ ಶಾಂಪೂಗಳಲ್ಲಿ ಕೂದಲಿಗೆ ಅಂಟಿಕೊಂಡು ಅದನ್ನು ನುಣುಪಾಗಿಸುವ ಸಿಲಿಕೋನಿನಂಥ ಪದಾರ್ಥಗಳು ಇರುತ್ತವೆ. ಬಾಡಿ ವಾಶ್‌ನಲ್ಲಿ ಚರ್ಮವನ್ನು ಮೆತ್ತಗಿಡುವ ಎಣ್ಣೆ, ಗ್ಲಿಸರಿನ್ ಇರಬಹುದು. ಆದ್ದರಿಂದ ಸೊಂಟದವರೆಗೆ ಕೂದಲಿದ್ದ ಹೆಣ್ಣುಮಗಳು ಬಾಡಿ ವಾಶ್ ಹಚ್ಚಿದರೆ ಸಿಕ್ಕು ಬಿಡಿಸಲು ತುಸು ಹೆಚ್ಚು ಹೊತ್ತು ಹಿಡಿದೀತು. ತೆಳುಗೂದಲಿನವರ ತಲೆ ಸ್ವಲ್ಪ ಜೋತು ಕಂಡೀತು. ಬಣ್ಣ ಹಾಕಿಸಿಕೊಂಡ ಕೂದಲಿಗೆ ಅದಕ್ಕೆಂದೇ ಮಾಡಿದ ಶಾಂಪೂ ಅನುಕೂಲವಾದೀತು. ತಲೆಹೊಟ್ಟಿಗೆಂದು ವೈದ್ಯರು ಬರೆದುಕೊಡುವ ಕೀಟೊಕೊನಜೋಲ್ ಶಾಂಪೂ ಔಷಧವೇ ಸರಿ. ಅದರ ಸ್ಥಾನದಲ್ಲಿ ಬಾಡಿ ವಾಶ್ ನಿಲ್ಲಲಾರದು, ಮತ್ತೊಂದು ಸುವಾಸನೆಯ ಶಾಂಪೂ ಕೂಡ ನಿಲ್ಲಲಾರದು. ಇಷ್ಟು ಹೇಳಿದ ಮೇಲೆ ಉಳಿಯುವುದು ಕೂದಲು ಉದುರುವ ಭಯ. ಕಣ್ಣಿಗೆ ಕಾಣುವ ಕೂದಲು ಜೀವವಿಲ್ಲದ ತಂತು. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ. ಅರೆನಿಮಿಷ ಹಚ್ಚಿ ತೊಳೆದುಬಿಡುವ ನೊರೆ ಆ ಬುಡವನ್ನು ಕಿತ್ತು ತರಲಾರದು. ದಿನವೊಂದಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಆರೋಗ್ಯವಂತರಲ್ಲಿಯೂ ಸಹಜ. ತಲೆ ತೊಳೆದ ದಿನ ಅವು ಬಚ್ಚಲ ಜಾಲರಿಯಲ್ಲಿ ಒಟ್ಟಾಗಿ ಕಾಣುತ್ತವೆ. ಕಂಡದ್ದಕ್ಕೆ ಸೀಸೆಯನ್ನು ದೂರುತ್ತೇವೆ.

ನಿಜವಾಗಿ ಎಚ್ಚರ ವಹಿಸಬೇಕಾದ ಭೇದ ಬೇರೊಂದಿದೆ. ಈ ಹೊಸ ಮಡಿವಂತರು ಅದನ್ನು ಗಮನಿಸುವುದೇ ಇಲ್ಲ. ಅದು ಸಾಬೂನಿನ ಬಿಲ್ಲೆಗೂ ಈ ದ್ರವಗಳಿಗೂ ಇರುವ ಭೇದ. ಎಣ್ಣೆಗೆ ಕ್ಷಾರ ಬೆರೆಸಿ ಮಾಡಿದ ಸಾಬೂನು ಸ್ವಭಾವತಃ ಕ್ಷಾರಗುಣದ್ದು. ಆಮ್ಲ-ಕ್ಷಾರದ ಅಳತೆಗೋಲಿನಲ್ಲಿ ಅದು ಸುಮಾರು 9ರಿಂದ 10ರ ಮೇಲೆ ನಿಲ್ಲುತ್ತದೆ. ನಮ್ಮ ನೆತ್ತಿಯ ಚರ್ಮ ಸುಮಾರು 5.5ರದ್ದು, ಅಂದರೆ ತುಸು ಆಮ್ಲದ ಕಡೆಗಿನದು. ಕ್ಷಾರ ತಗುಲಿದ ಕೂದಲಿನ ಹೊರಪದರದ ಹುರುಪೆಗಳು ಎದ್ದು, ಕೂದಲು ಒರಟಾಗುತ್ತದೆ. ಅದರ ಮೇಲೆ ಕೊಳವೆಬಾವಿಯ ಗಡಸು ನೀರು ಬಿದ್ದರೆ ನೀರಿನ ಸುಣ್ಣದಂಶವೂ ಸಾಬೂನೂ ಕೂಡಿ ಕರಗದ ಜಿಗುಟಾಗುತ್ತವೆ. ಬಕೀಟಿನ ಅಂಚಿಗೆ ಬಿಳಿಯ ಪಟ್ಟಿಯಾಗಿ ಹಿಡಿಯುವುದು ಅದೇ, ಕೂದಲಿಗೆ ಹಿಡಿಯುವುದೂ ಅದೇ. ಬಾಡಿ ವಾಶ್‌ನಲ್ಲಿರುವ ನೊರೆಕಾರಕಕ್ಕೆ ಈ ದೋಷವಿಲ್ಲ. ಸಾಬೂನಿನ ಬಿಲ್ಲೆಯಿಂದ ತಲೆ ತಿಕ್ಕುವವನನ್ನು ‘ಹಳೆಯ ಕಾಲದ ಮನುಷ್ಯ’ ಎಂದು ಮನ್ನಿಸುವವರು, ಅದಕ್ಕಿಂತ ಎಷ್ಟೋ ಸೌಮ್ಯವಾದ ಬಾಡಿ ವಾಶ್ ಹಚ್ಚಿದವನನ್ನು ಮೂಢನೆನ್ನುವುದು ಯಾವ ನ್ಯಾಯ?

ಈ ಭೇದವನ್ನು ಸಾರುವ ಕಂಪನಿಗಳಾದರೂ ಅದನ್ನು ಪಾಲಿಸುತ್ತವೆಯೆ? ಹಸುಗೂಸುಗಳಿಗೆಂದು ಅವೇ ಮಾರುವ ಸೀಸೆಯ ಮೇಲೆ ‘ನೆತ್ತಿಯಿಂದ ಪಾದದವರೆಗೆ’ ಎಂದಿರುತ್ತದೆ. ಗಂಡಸರಿಗೆಂದು ಮಾರುವ ಇನ್ನೊಂದರ ಮೇಲೆ ‘ತಲೆಗೂ ಮೈಗೂ ಒಂದೇ’ ಎಂದಿರುತ್ತದೆ. ಮನುಷ್ಯಜನ್ಮದಲ್ಲಿ ಚರ್ಮ ಅತ್ಯಂತ ಕೋಮಲವಾಗಿರುವ ದಿನಗಳಲ್ಲಿ ಒಂದು ಸೀಸೆ ಸಾಕು. ಆ ಕೂಸು ಬೆಳೆದು ಕೈಯಲ್ಲಿ ಹಣ ಹಿಡಿದ ಕೂಡಲೆ ಎರಡು ಬೇಕು, ಮೂರು ಬೇಕು, ಮುಖಕ್ಕೆ ಬೇರೆ ಬೇಕು! ಅವರಿಗೆ ವ್ಯಾಪಾರ ನಡೆಯಬೇಕು, ನಡೆಸುತ್ತಾರೆ. ನಾವು ಅದನ್ನು ಧರ್ಮಶಾಸ್ತ್ರವೆಂದು ಏಕೆ ಒಪ್ಪಬೇಕು?

ಪದದ ಚರಿತ್ರೆಯನ್ನು ಬಲ್ಲವರಿಗೆ ಈ ಮಡಿ ಇನ್ನೂ ನಗೆ ತರುತ್ತದೆ. ‘ಶಾಂಪೂ’ ಇಂಗ್ಲಿಷರ ಸ್ವಂತ ಮಾತಲ್ಲ. ಒತ್ತು, ಹಿಸುಕು ಎಂಬರ್ಥದ ಹಿಂದಿಯ ‘ಚಾಂಪ್’ ಧಾತುವಿನಿಂದ ಹೋದದ್ದು. ನಮ್ಮ ಕ್ಷೌರದಂಗಡಿಗಳಲ್ಲಿ ಕೇಳುವ ‘ಚಂಪಿ’ ಅದರ ದಾಯಾದಿ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದನೆಂಬಾತ ಇಂಗ್ಲೆಂಡಿಗೆ ಹೋಗಿ, 19ನೆಯ ಶತಮಾನದ ಆರಂಭದಲ್ಲಿ ಬ್ರೈಟನ್ ಪಟ್ಟಣದಲ್ಲಿ ಸ್ನಾನಗೃಹ ತೆರೆದು, ಬಂದವರಿಗೆ ಹಬೆಯ ಸ್ನಾನ ಮಾಡಿಸಿ ಮೈಯೊತ್ತಿಸುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ‘ಶಾಂಪೂಯಿಂಗ್’. ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ದೊರೆಗಳಿಗೂ ಅವನು ಈ ಸೇವೆ ಸಲ್ಲಿಸಿದ. ಕೇವಲ ತಲೆ ತೊಳೆಯುವುದೆಂಬ ಅರ್ಥ ಆ ಶಬ್ದಕ್ಕೆ ಅಂಟಿದ್ದು ಆಮೇಲೆ. ಅಂದರೆ ಯಾವ ಹೆಸರು ಇಂದು ಮೈಯನ್ನು ದೂರವಿಟ್ಟಿದೆಯೋ ಆ ಹೆಸರು ಹುಟ್ಟಿದ್ದೇ ಮೈಯ ಉಪಚಾರಕ್ಕಾಗಿ. ಇನ್ನು ಇಂದಿನ ಕೃತಕ ನೊರೆಕಾರಕದ ಶಾಂಪೂ ಅಮೆರಿಕದ ಪೇಟೆಗೆ ‘ಡ್ರೀನ್’ ಎಂಬ ಹೆಸರಿನಿಂದ ಬಂದದ್ದು 1934ರಲ್ಲಿ. ನೂರು ವರ್ಷವೂ ತುಂಬದ ಆಚಾರಕ್ಕೆ ಸನಾತನದ ಗತ್ತು!

ನಮ್ಮ ಮನೆಗಳಲ್ಲಿ ಏನಿತ್ತು? ನಮ್ಮ ಭಾಗದಲ್ಲಿ ‘ಎರಕೊಳ್ಳುವುದು’ ಎಂಬ ಮಾತಿದೆ. ನೆತ್ತಿಯಿಂದ ಪಾದದವರೆಗೆ ನೀರು ಎರೆದುಕೊಳ್ಳುವ ಇಡೀ ಕ್ರಿಯೆಗೆ ಅದೊಂದೇ ಪದ. ಸಂಕ್ರಾಂತಿಯ ಹೊತ್ತಿಗೆ ಎಳ್ಳು ಅರೆದು ತಲೆಗೂ ಮೈಗೂ ಹಚ್ಚಿ ಎರೆಯುತ್ತಿದ್ದರು. ಕಡಲೆಹಿಟ್ಟು ಕೂಸಿನ ಮೈಗೂ ಆಯಿತು, ತಾಯಿಯ ತಲೆಯ ಎಣ್ಣೆ ತೆಗೆಯಲೂ ಆಯಿತು. ಮಲೆನಾಡಿನವರು ಮತ್ತಿಸೊಪ್ಪಿನ ಗೊಂಪು ಹಚ್ಚಿದರು. ಅಂಟುವಾಳದ ನೊರೆಯಲ್ಲಿ ತಲೆ ತೊಳೆದರು, ರೇಷ್ಮೆ ಸೀರೆ ಒಗೆದರು. ಅಕ್ಕಸಾಲಿಗನು ಅದರಲ್ಲೇ ಬಂಗಾರವನ್ನು ಬೆಳಗಿದ. ಸೀಗೆಕಾಯಿ, ಅಂಟುವಾಳಗಳಲ್ಲಿ ನೊರೆ ಬರಿಸುವುದು ಸ್ಯಾಪೊನಿನ್ ಎಂಬ ಒಂದೇ ವರ್ಗದ ಪದಾರ್ಥ. ಹಳೆಯದೆಲ್ಲ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಸೀಗೆಪುಡಿ ಕಣ್ಣಿಗೆ ಬಿದ್ದರೆ ಆಗುವ ಉರಿಯನ್ನು ಅನುಭವಿಸಿದವರು ಹಾಗೆ ಹೇಳಲಾರರು. ಆದರೆ ಇದು ತಲೆಯದು, ಇದು ಮೈಯದು ಎಂದು ನೊರೆಗೆ ಜಾತಿ ಕಟ್ಟುವ ಬುದ್ಧಿ ಆ ಅಜ್ಜಿಯರಿಗೆ ಇರಲಿಲ್ಲ. ಜಿಡ್ಡು ಹೋಯಿತೆ, ಉರಿ ಆಯಿತೆ ಎಂದು ಅವರು ಕೈಯಿಂದ ಮುಟ್ಟಿ ನೋಡಿ ನಿರ್ಣಯಿಸುತ್ತಿದ್ದರು. ಆ ನಿರ್ಣಯಶಕ್ತಿಯನ್ನು ನಾವು ಜಾಹೀರಾತಿನ ಪಾಲು ಮಾಡಿದ್ದೇವೆ.

ಸರ್ಕಾರವೂ ಈ ಜಾತಿಪದ್ಧತಿಗೆ ತನ್ನ ಮುದ್ರೆ ಒತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ, ತಲೆಯೆಣ್ಣೆ, ಸ್ನಾನದ ಸಾಬೂನಿನ ಬಿಲ್ಲೆಗಳ ಮೇಲಿನ ಜಿ.ಎಸ್.ಟಿ. ಶೇಕಡಾ 18ರಿಂದ 5ಕ್ಕೆ ಇಳಿಯಿತು. ದ್ರವರೂಪದ ಸಾಬೂನಿಗೆ ಮಾತ್ರ ಈ ಇಳಿಕೆ ದೊರೆಯಲಿಲ್ಲ. ನೊರೆ ಒಂದೇ ಬಗೆಯದು. ತಲೆಯ ಹೆಸರಿಟ್ಟರೆ ಬಡವರ ಅವಶ್ಯಕತೆ, ಮೈಯ ಹೆಸರಿಟ್ಟರೆ ಶ್ರೀಮಂತರ ಸೊಗಸು. ಹಾಗಾದರೆ ಲೆಕ್ಕ ಬಲ್ಲ ಗೃಹಿಣಿ ಶಾಂಪೂವನ್ನೇ ಮೈಗೂ ಹಚ್ಚಿ ತೆರಿಗೆ ಉಳಿಸಿದರೆ ತಪ್ಪೇನು? ಮಡಿವಂತರು ಇದಕ್ಕೂ ಮೂಗು ಮುರಿದಾರು. ಮುರಿಯಲಿ, ಒಣಚರ್ಮದವರಲ್ಲದವರಿಗೆ ಇದರಿಂದ ಕೇಡಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಗದ್ದಲವೇಕೆಂದು ಕೇಳುವವರು ಒಮ್ಮೆ ಎಂ.ಕೆ. ಹುಬ್ಬಳ್ಳಿಗೆ ಬಂದು ಮಲಪ್ರಭೆಯ ದಂಡೆಯ ಮೇಲೆ ನಿಲ್ಲಬೇಕು. ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳ ಇಲ್ಲಿಯ ನದಿಯ ಪಾತ್ರದಲ್ಲಿದೆ. ಸಂಕ್ರಾಂತಿಗೆ ಸುತ್ತಿನ ಊರುಗಳ ಜನ ಇಲ್ಲಿ ಮೀಯಲು ಬರುತ್ತಾರೆ. ಮಿಂದು ಹೋದ ಮೇಲೆ ದಂಡೆಯಲ್ಲಿ ಉಳಿಯುವುದು ತಲೆಗೊಂದು, ಮೈಗೊಂದು ಎಂದು ಹರಿದೆಸೆದ ಪೊಟ್ಟಣಗಳು. ಈ ಪುಟ್ಟ ಪೊಟ್ಟಣ ಬಡವರಿಗೆ ಉಪಕಾರ ಮಾಡಿಲ್ಲವೆಂದಲ್ಲ. 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಸಿ.ಕೆ. ರಂಗನಾಥನ್ ಅವರು ‘ಚಿಕ್’ ಶಾಂಪೂ ಆರಂಭಿಸಿ, ಬಿಡಿಗಾಸಿನ ಬೆಲೆಗೆ ಪೊಟ್ಟಣ ಮಾರಿದ್ದರಿಂದಲೇ ಅದು ಕೂಲಿಯವರ ಮನೆಗೂ ಮುಟ್ಟಿತು. ಆದರೆ ಪದರಪದರವಾದ ಆ ಪ್ಲಾಸ್ಟಿಕ್ಕನ್ನು ಕರಗಿಸಿ ಮತ್ತೆ ಉಪಯೋಗಿಸುವುದು ಬಲು ಕಷ್ಟ. ಆಯುವವರೂ ಅದನ್ನು ಮುಟ್ಟುವುದಿಲ್ಲ. 2025ರ ಮಾರ್ಚ್ ತಿಂಗಳಲ್ಲಿ ರಾಜ್ಯದ ಪರಿಸರ ಸಚಿವ ಈಶ್ವರ ಖಂಡ್ರೆಯವರು, ತೀರ್ಥಕ್ಷೇತ್ರಗಳಲ್ಲಿ ನದಿ-ಕೆರೆಗಳ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ ನೋಡಿಕೊಳ್ಳಲು ಅಧಿಕಾರಿಗಳಿಗೆ ಸೂಚಿಸಿದ್ದು ಇಂಥ ದೃಶ್ಯಗಳಿಂದಾಗಿಯೇ. ಕಣಕುಂಬಿಯಲ್ಲಿ ಹುಟ್ಟಿದ ಈ ನದಿ ಎಂ.ಕೆ. ಹುಬ್ಬಳ್ಳಿಯನ್ನು ದಾಟಿ, ಸವದತ್ತಿಯ ಬಳಿ ನವಿಲುತೀರ್ಥದ ಜಲಾಶಯ ಸೇರುತ್ತದೆ; ಅಲ್ಲಿಯ ನೀರನ್ನೇ ಹುಬ್ಬಳ್ಳಿ-ಧಾರವಾಡದ ಜನ ಕುಡಿಯುತ್ತಾರೆ. ನಾವು ಇಲ್ಲಿ ಬಿಟ್ಟ ನೊರೆ ತಲೆಯದೋ ಮೈಯದೋ ಎಂದು ಆ ಜಲಾಶಯ ಕೇಳುವುದಿಲ್ಲ. 

ಆ ಜಲಾಶಯಕ್ಕೆ ಅನತಿದೂರದಲ್ಲಿ ಯಲ್ಲಮ್ಮನ ಗುಡ್ಡವಿದೆ. ತಲೆ ತೊಳೆಯುವ ಮಾತು ಆ ಸೀಮೆಯಲ್ಲಿ ವಿಲಾಸದ ಮಾತಾಗಿರಲಿಲ್ಲ. ನೀರು, ಎಣ್ಣೆ, ಬಾಚಣಿಕೆಗಳ ಆರೈಕೆಯಿಲ್ಲದ ತಲೆಯಲ್ಲಿ ಕೂದಲು ಹೆಣೆದುಕೊಂಡು ಜಡೆಗಟ್ಟಿದರೆ, ದೇವಿಯ ಕರೆ ಬಂತೆಂದು ಹೆದರಿ, ಎಷ್ಟೋ ಬಡ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಬಿಟ್ಟರು. ಇದನ್ನು ನಿಲ್ಲಿಸಲು 1934ರಲ್ಲಿ ಮುಂಬಯಿ ಪ್ರಾಂತದ ಕಾಯದೆ ಬಂತು, 1982ರಲ್ಲಿ ಕರ್ನಾಟಕದ ಕಾಯದೆ ಬಂತು. ಕಾಯದೆಯ ಜೊತೆಗೆ ಕಾರ್ಯಕರ್ತರು ಮನೆಮನೆಗೆ ಹೋಗಿ ತಿಳಿಹೇಳಿ, ಕತ್ತರಿ ಹಿಡಿದು ಜಡೆ ತೆಗೆಯಬೇಕಾಯಿತು. ಆ ಕ್ರೌರ್ಯವನ್ನೂ ನಮ್ಮ ಸೀಸೆಯ ಜಗಳವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಷ್ಟು ಅವಿವೇಕಿ ನಾನಲ್ಲ. ಆದರೆ ಆ ಇತಿಹಾಸ ಹೇಳುವ ಪಾಠ ಒಂದಿದೆ: ಕೂದಲಿನ ವಿಷಯದಲ್ಲಿ ಕಾರಣ ಕೇಳದೆ ಹೆದರುವ ಸಮಾಜ ಆ ಹೆದರಿಕೆಯ ಬೆಲೆಯನ್ನು ಬಡವರಿಂದಲೇ ವಸೂಲು ಮಾಡುತ್ತದೆ. ತೊಳೆದ ತಲೆ, ತೊಳೆಯದ ತಲೆ ಎಂಬುದು ನಿಜವಾದ ಭೇದ. ಯಾವ ಸೀಸೆಯಿಂದ ತೊಳೆದದ್ದು ಎಂಬುದು ಪುರಸೊತ್ತಿದ್ದವರ ಚರ್ಚೆ.

ಆದ್ದರಿಂದ ತಾಯಂದಿರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನ ವಿನಂತಿ ಇಷ್ಟೆ. ಮನೆಯಲ್ಲಿ ಬಾಡಿ ವಾಶ್ ಇದ್ದು ಶಾಂಪೂ ತೀರಿದ್ದರೆ ನಿಶ್ಚಿಂತೆಯಿಂದ ಅದನ್ನೇ ತಲೆಗೆ ಹಚ್ಚಿರಿ. ನೀರು ಚೆನ್ನಾಗಿ ಹಾಕಿ ತೊಳೆಯಿರಿ. ಕೂದಲು ಒರಟೆನಿಸಿದರೆ ನಾಲ್ಕು ಹನಿ ಕೊಬ್ಬರಿಯೆಣ್ಣೆ ಸವರಿರಿ. ತುರಿಕೆಯೋ ಹೊಟ್ಟೋ ಬಂದರೆ ಅಂಗಡಿಕಾರನನ್ನು ಕೇಳದೆ ವೈದ್ಯರನ್ನು ಕೇಳಿರಿ. ಎರಡನೆಯ ಸೀಸೆ ಕೊಳ್ಳುವ ಶಕ್ತಿಯೂ ಆಸೆಯೂ ಇದ್ದವರು ಕೊಳ್ಳಲಿ, ಯಾರದೂ ಅಡ್ಡಿಯಿಲ್ಲ. ಒಂದೇ ಸೀಸೆಯಲ್ಲಿ ಸಂಸಾರ ನಡೆಸುವವನನ್ನು ಕಂಡು ನಗುವ ಅಧಿಕಾರ ಮಾತ್ರ ಆ ಬೆಲೆಯಲ್ಲಿ ಸೇರಿಲ್ಲ.