ಬಿದ್ದದ್ದು ಶಾಲೆ, ಏಳುವುದೇನು?

ಮೈಸೂರಿನ ನಾರಾಯಣಶಾಸ್ತ್ರಿ ರಸ್ತೆಯ ಎನ್.ಟಿ.ಎಂ. ಶಾಲೆ ಅರಮನೆ ಕಾಲದ್ದು, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ್ದು. ಕನ್ನಡ ಹೋರಾಟಗಾರರು ಬೇಡವೆಂದು ಕೂತರೂ 2022ರ ಫೆಬ್ರವರಿಯಲ್ಲಿ ರಾತ್ರೋರಾತ್ರಿ ನೆಲಸಮವಾಯಿತು. ಆ ಜಾಗಕ್ಕೆ ವಿವೇಕಾನಂದ ಸ್ಮಾರಕ ಎಂದರು. 1892ರಲ್ಲಿ ಮೈಸೂರಿಗೆ ಬಂದಿದ್ದ ಸ್ವಾಮೀಜಿ ಬಗ್ಗೆ ಯಾರದೂ ತಕರಾರಿಲ್ಲ. ಆದರೆ ವಿದ್ಯೆಯೇ ದೊಡ್ಡದೆಂದವರ ಹೆಸರಿಗೆ ಶಾಲೆಯನ್ನೇ ಕೆಡವಬೇಕಿತ್ತೆ?

ಕಗ್ಗದಾಸಪುರದ ಮಂದಿಗೆ ಇದು ದೂರದ ಸುದ್ದಿಯಲ್ಲ. ಅಡಿ ಜಾಗಕ್ಕೂ ಹೊಡೆದಾಟವಿರುವ ಇಂಥ ಕಡೆ ಶಾಲೆಯ ನೆಲ ಒಮ್ಮೆ ಕೈಬಿಟ್ಟರೆ ಮತ್ತೆ ದಕ್ಕದು. ಐದನೇ ಕ್ಲಾಸಿನವರೆಗಿನ ಮಕ್ಕಳಿಗೆ 1 ಕಿಲೋಮೀಟರಿನೊಳಗೇ ಶಾಲೆ ಇರಬೇಕೆಂಬ ನಿಯಮ ಸರಕಾರದ್ದೇ. ಹಳೇ ಕಟ್ಟಡ ಕೆಡವುವುದಾದರೆ ಹೊಸದರ ನಕ್ಷೆ, ಹಣ, ಗಡುವು ಮೂರನ್ನೂ ಮೊದಲು ಊರವರ ಮುಂದಿಡಲಿ. ಹಾರೆ ಎತ್ತುವುದು ಆಮೇಲೆ.